ಡಿಸೆಂಬರ್‌ನ ಗಾಳಿಮಳೆಗೆ ನಮ್ಮ ಮನೆ ತಯಾರಾದದ್ದು ಹೀಗೆ

ಕಾಸರಗೋಡಿನ ಅಡಿಕೆ ತೋಟದ ಮನೆಗಳು ಜೂನ್ ಮಳೆಗೆ ತಾವಾಗಿಯೇ ತಯಾರಾಗಿರುತ್ತವೆ. ಮೇ ತಿಂಗಳಲ್ಲೇ ಕಣಿ (ನೀರು ಹರಿಯುವ ಚರಂಡಿ) ಬಿಡಿಸಿ ಆಗಿರುತ್ತದೆ. ಸೌದೆ ಕೊಟ್ಟಿಗೆ ಸೇರಿರುತ್ತದೆ. ಮಾಡಿನ (ಛಾವಣಿಯ) ಹಂಚು ಸರಿ ಮಾಡಿಸಿರುತ್ತೇವೆ. ಡಿಸೆಂಬರ್‌ನಲ್ಲಿ ಹಾಗಲ್ಲ. ಅಂಗಳ ತುಂಬ ಅಡಿಕೆ, ತೋಡಿಗೆ (ಸಣ್ಣ ಹಳ್ಳಕ್ಕೆ) ಅಡ್ಡ ಹಾಕಿದ ಕಟ್ಟ, ಕಣಿ ತುಂಬ ತರಗೆಲೆ, ಬೈಹುಲ್ಲು ಹೊರಗೆ. ಎಲ್ಲವನ್ನೂ ಬಿಸಿಲಿನ ಮೇಲೆ ಭರವಸೆ ಇಟ್ಟು ಬಿಟ್ಟಿರುವ ಹೊತ್ತು. ಆಗ ಚಂಡಮಾರುತದ ಮಳೆ ಬಂದರೆ ಅಪಾಯ ಜೂನ್‌ಗಿಂತ ಜಾಸ್ತಿ ಎಂದೇ ನನ್ನ ಅಭಿಪ್ರಾಯ. 2024ರಲ್ಲಿ ಫೆಂಗಲ್ ಚಂಡಮಾರುತ ಬಂದಾಗ ನಾವು ಏನೇನು ಮಾಡಿದೆವು, ಯಾವುದು ಉಪಯೋಗಕ್ಕೆ ಬಂತು ಎಂದು ಬರೆಯುತ್ತಿದ್ದೇನೆ.

ನಮ್ಮದು ಬದಿಯಡ್ಕದಿಂದ ಒಳಗೆ. ಮನೆಯ ಹಿಂದೆ ಗುಡ್ಡ ಕಡಿದ ಬರೆ, ಎದುರು ತೋಟ, ತೋಟದ ಕೆಳಗೆ ತೋಡು. ಮನೆಯಲ್ಲಿ ನಾವು, ಮಕ್ಕಳು, ಅತ್ತೆ, ಮಾವ. ಮಾವನಿಗೆ ಇನ್ಸುಲಿನ್ ಇದೆ. ಇಷ್ಟು ಹೇಳಿದರೆ ನಮ್ಮ ಚಿಂತೆ ಯಾವುದು ಎಂದು ಈ ಕಡೆಯವರಿಗೆ ಗೊತ್ತಾಗುತ್ತದೆ.

ಫೆಂಗಲ್ ನವೆಂಬರ್ 30ರ ಶನಿವಾರ ರಾತ್ರಿ ಪುದುಚೇರಿ ಹತ್ತಿರ ದಡ ಸೇರಿತು. ನಮಗೆ ನೇರ ಲೆಕ್ಕದಲ್ಲೂ 500 ಕಿ.ಮೀ.ಗಿಂತ ಜಾಸ್ತಿ ದೂರ. "ವೃಶ್ಚಿಕ ತಿಂಗಳಲ್ಲಿ ಎಂತ ಮಳೆ ಮಾರಾಯ್ತಿ, ಅದು ಆಚೆ ಕಡಲಿನದ್ದು" ಎಂದು ಮಾವ ಹೇಳಿದರು. ಆದರೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಬಂಗಾಳ ಕೊಲ್ಲಿಯಲ್ಲಿ ಏಳುವ ಚಂಡಮಾರುತಗಳಲ್ಲಿ ಹಲವು ಪಶ್ಚಿಮಕ್ಕೇ ಸರಿಯುತ್ತವೆ. ನೆಲಕ್ಕೆ ಬಂದ ಮೇಲೆ ಗಾಳಿ ಸೋಲುತ್ತದೆ, ಏಕೆಂದರೆ ಅದಕ್ಕೆ ಬಲ ಕೊಡುವ ಬೆಚ್ಚಗಿನ ಕಡಲು ಅಡಿಯಲ್ಲಿ ಇರುವುದಿಲ್ಲ. ಮಳೆ ಮಾತ್ರ ಬೇಗ ಸೋಲುವುದಿಲ್ಲ. ಭಾನುವಾರ ರಾತ್ರಿ ಕೃಷ್ಣಗಿರಿ ಜಿಲ್ಲೆಯ ಊತ್ತಂಗರೆಯಲ್ಲಿ ಸುರಿದ ಮಳೆ ಸೋಮವಾರ ಬೆಳಗ್ಗಿನ ಲೆಕ್ಕಕ್ಕೆ ಒಂದೇ ದಿನದಲ್ಲಿ ಸುಮಾರು 50 ಸೆಂ.ಮೀ. ಆಗಿತ್ತು. ನಿಲ್ಲಿಸಿದ್ದ ವ್ಯಾನು, ಕಾರುಗಳನ್ನು ನೀರು ಎಳೆದುಕೊಂಡು ಹೋಯಿತು. ಹೊಸೂರಿನಲ್ಲಿರುವ ನಾದಿನಿ ಭಾನುವಾರ ಬೆಳಗ್ಗೆಯೇ ಫೋನ್ ಮಾಡಿದ್ದಳು. "ಅತ್ತಿಗೆ, ಇದು ನಿಮ್ಮ ಕಡೆಗೇ ಬರ್ತಾ ಉಂಟು, ಸುಮ್ನೆ ಕೂರಬೇಡಿ" ಅಂದಳು. ನಾವು ಅದೇ ಹೊತ್ತಿಗೆ ಕೆಲಸಕ್ಕೆ ಇಳಿದೆವು. ಸೋಮವಾರ ಕಾಸರಗೋಡಿಗೂ ರೆಡ್ ಅಲರ್ಟ್ ಬಂತು.

ಅಲರ್ಟ್‌ನ ಬಣ್ಣ ಎಲ್ಲರಿಗೂ ಗೊತ್ತು, ಅಳತೆ ಗೊತ್ತಿರುವವರು ಕಡಿಮೆ. 24 ಗಂಟೆಯಲ್ಲಿ 6ರಿಂದ 11 ಸೆಂ.ಮೀ. ಮಳೆಯಾಗಬಹುದು ಅಂದರೆ ಹಳದಿ. 11ರಿಂದ 20 ಅಂದರೆ ಕಿತ್ತಳೆ. 20 ದಾಟಬಹುದು ಅಂದರೆ ಕೆಂಪು. ನಮ್ಮಲ್ಲಿ ಈ ಮೆಸೇಜ್‌ಗಳು ಹೆಚ್ಚಾಗಿ ಮಲಯಾಳದಲ್ಲೇ ಬರುತ್ತವೆ. ಕನ್ನಡ ಮಾತ್ರ ಓದಲು ಬರುವ ಹಿರಿಯರು ನಮ್ಮ ಸುತ್ತ ತುಂಬ ಇದ್ದಾರೆ. ಅದಕ್ಕೆ ನಾನು ಓದಿದ್ದನ್ನು ಕನ್ನಡದಲ್ಲಿ ಹೇಳಿ ಕುಟುಂಬಶ್ರೀ (ಮಹಿಳಾ ಸ್ವಸಹಾಯ ಸಂಘ) ಗುಂಪಿಗೆ ವಾಯ್ಸ್ ಮೆಸೇಜ್ ಹಾಕುತ್ತೇನೆ. ಜಿಲ್ಲೆ, ಬಣ್ಣ, ಯಾವ ದಿನ, ಇಷ್ಟೇ. ಬೇರೆ ಯಾರೋ ಕಳಿಸಿದ ಭಯದ ವಿಡಿಯೋ ಒಂದನ್ನೂ ಮುಂದೆ ಕಳಿಸುವುದಿಲ್ಲ. ಒಂಟಿಯಾಗಿರುವ ಹಿರಿಯರಿಗೆ ಫೋನ್ ಮಾಡಿಯೇ ಹೇಳುತ್ತೇನೆ.

ಭಾನುವಾರದ ಮೊದಲ ಕೆಲಸ ಕಟ್ಟದ್ದು. ಹೊರಗಿನವರಿಗಾಗಿ ಹೇಳುವುದಾದರೆ, ಮಳೆ ನಿಂತ ಮೇಲೆ ತೋಡಿಗೆ ಅಡ್ಡವಾಗಿ ಹಲಗೆ ಇಟ್ಟು, ಎರಡು ಸಾಲು ಹಲಗೆಯ ನಡುವೆ ಮಣ್ಣು ತುಂಬಿ ನೀರು ನಿಲ್ಲಿಸುತ್ತೇವೆ. ಬೇಸಿಗೆಯಲ್ಲಿ ತೋಟಕ್ಕೆ ಅದೇ ಆಧಾರ. ಆ ವರ್ಷ ಕಟ್ಟ ಆಗಷ್ಟೇ ಹಾಕಿ ಆಗಿತ್ತು, ನೀರು ದಡದ ಮಟ್ಟಕ್ಕೆ ಬಂದಿತ್ತು. ಇಂಥ ಕಟ್ಟಕ್ಕೆ ಕೆಂಪು ಅಲರ್ಟ್‌ನ ಮಳೆ ಬಿದ್ದರೆ ಎರಡೇ ದಾರಿ. ಒಂದೋ ನೀರು ಪಕ್ಕದ ತೋಟ ಕೊರೆದು ಹೋಗುತ್ತದೆ, ಇಲ್ಲವೇ ಕಟ್ಟ ಒಮ್ಮೆಲೇ ಒಡೆಯುತ್ತದೆ. ಒಡೆದರೆ ಕೆಳಗಿನ ಕಟ್ಟವೂ ನಿಲ್ಲುವುದಿಲ್ಲ. ಆ ಹೊತ್ತಿಗೆ ತೋಡಿನಲ್ಲಿ ಯಾರಾದರೂ ಇದ್ದರೆ ಅವರಿಗೆ ಓಡಲು ಸಮಯವೇ ಸಿಗುವುದಿಲ್ಲ.

ನಮ್ಮ ತೋಡಿನಲ್ಲಿ ಮೇಲೆ ಕೆಳಗೆ ಬೇರೆ ಬೇರೆ ಮನೆಯವರ ಕಟ್ಟಗಳಿವೆ. ಆದ್ದರಿಂದ ಒಬ್ಬರೇ ತೆಗೆದರೆ ಆಗುವುದಿಲ್ಲ. ನನ್ನ ಗಂಡ ಎಲ್ಲರಿಗೂ ಫೋನ್ ಮಾಡಿ ಒಂದು ಕ್ರಮ ಹೇಳಿದರು: ಎಲ್ಲಕ್ಕಿಂತ ಕೆಳಗಿನ ಕಟ್ಟ ಮೊದಲು, ಮೇಲಿನದ್ದು ಕೊನೆಗೆ. ಮೇಲಿನದ್ದನ್ನು ಮೊದಲು ಬಿಟ್ಟರೆ ಆ ನೀರೆಲ್ಲ ಕೆಳಗಿನ ತುಂಬಿದ ಕಟ್ಟಕ್ಕೇ ನುಗ್ಗುತ್ತದೆ, ಅಲ್ವಾ? ನೀರು ಇನ್ನೂ ಶಾಂತವಾಗಿದ್ದಾಗಲೇ, ಹಗಲು ಬೆಳಕಿನಲ್ಲಿ, ಮೇಲಿನ ಮಣ್ಣು ಹಾರೆಯಲ್ಲಿ ಸಡಿಲಿಸಿ ಒಂದೊಂದೇ ಹಲಗೆ ಎತ್ತಿದರು. ಒಂದು ಹಲಗೆ ಎತ್ತಿ, ನೀರಿನ ಮಟ್ಟ ಇಳಿಯುವ ತನಕ ಕಾದು, ಮತ್ತೊಂದು. ಕಟ್ಟದ ಕೆಳಮಗ್ಗುಲಲ್ಲಿ ಯಾರೂ ನಿಲ್ಲಬಾರದು ಎಂದು ಮೊದಲೇ ಮಾತಾಗಿತ್ತು. ನೀರು ಹಲಗೆಯ ಮೇಲಿಂದ ಹರಿಯಲು ಶುರುವಾದ ಮೇಲೆ ಕಟ್ಟದ ಹತ್ತಿರ ಹೋಗುವುದು ಬೇಡ ಎಂದೂ ತೀರ್ಮಾನವಾಗಿತ್ತು. ಹಲಗೆ ಹೋದರೆ ಮತ್ತೆ ಕೊಯ್ಯಿಸಬಹುದು. ಈ ಒಂದು ಕೆಲಸಕ್ಕೆ ಅರ್ಧ ದಿನ ಹೋಯಿತು. ಅಷ್ಟೂ ಹೊತ್ತು ಆಕಾಶ ಶುಭ್ರವಾಗಿತ್ತು, ದಾರಿಯಲ್ಲಿ ಹೋಗುವವರು ನಿಂತು ಯಾಕೆ ಎಂದು ಕೇಳುತ್ತಿದ್ದರು. ತೋಡಿನ ಬದಿಯ ಪಂಪ್ ಶೆಡ್‌ನ ಮೈನ್ ಸ್ವಿಚ್ ಆಫ್ ಮಾಡಿ, ಮೋಟಾರನ್ನು ಮೇಲಿನ ದಡಕ್ಕೆ ಹೊರಿಸಿದರು.

ಎರಡನೆಯ ಕೆಲಸ ಬರೆಯದ್ದು. ನಮ್ಮ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಗುಡ್ಡದ ಮೇಲ್ಭಾಗ ಗಟ್ಟಿ, ಅದರ ಅಡಿಯ ಜೇಡಿ ಮೆತ್ತಗೆ. ನೀರು ಕುಡಿದರೆ ಆ ಜೇಡಿಯೇ ಜಾರುವುದು. ಆದ್ದರಿಂದ ಬರೆಯ ತಲೆಯ ಮೇಲೆ ಇಂಗುಗುಂಡಿ ಇರಬಾರದು. ನೀರು ಇಂಗಿಸುವುದು ಒಳ್ಳೆಯದೇ, ಆದರೆ ಮನೆಯ ಹಿಂದಿನ ಬರೆಯ ಮೇಲೆ ಅಲ್ಲ. ನಮ್ಮಲ್ಲಿ ಮೇಲಿನಿಂದ ಬರುವ ನೀರನ್ನು ಬದಿಗೆ ಒಯ್ಯುವ ಕಣಿ ಇದೆ. ಅದರಲ್ಲಿ ಗೇರಿನ ತರಗೆಲೆ ತುಂಬಿ ಗಟ್ಟಿಯಾಗಿತ್ತು. ಮಕ್ಕಳನ್ನೂ ಸೇರಿಸಿಕೊಂಡು ಅದನ್ನು ಬಿಡಿಸಿದೆವು. ಹೊಸ ಬಿರುಕು ಇದೆಯಾ, ಮರ ಯಾವುದಾದರೂ ವಾಲಿದೆಯಾ, ಬುಡದಲ್ಲಿ ಹೊಸದಾಗಿ ಒಸರು ಬಂದಿದೆಯಾ ಎಂದು ಅತ್ತೆ ನಡೆದು ನೋಡಿದರು. ಬರೆಯ ಪಕ್ಕದ ಹಟ್ಟಿಯಲ್ಲಿದ್ದ ದನಗಳನ್ನು ಸೋಮವಾರ ಬೆಳಗ್ಗೆ ಎದುರಿನ ಶೆಡ್ಡಿಗೆ ತಂದು ಕಟ್ಟಿದೆವು.

ಭಾನುವಾರ ತಿರುವಣ್ಣಾಮಲೈಯಲ್ಲಿ ಬೆಟ್ಟದ ಬುಡದ ಮನೆಯ ಮೇಲೆ ಮಣ್ಣು, ಬಂಡೆ ಜರಿದು ಏಳು ಮಂದಿ ತೀರಿಕೊಂಡರು. ಅದರಲ್ಲಿ ಐವರು ಮಕ್ಕಳು. ಆ ಸುದ್ದಿ ಓದಿದ ಮೇಲೆ ನಮ್ಮ ಮನೆಯಲ್ಲಿ ಯಾರೂ ಎದುರು ಮಾತಾಡಲಿಲ್ಲ. ಸೋಮವಾರ ಸಂಜೆಯೇ ಹಿಂದಿನ ಕೋಣೆಗಳಿಂದ ಚಾಪೆ, ಹಾಸಿಗೆ ಎಲ್ಲ ಎದುರಿನ ಚಾವಡಿಗೆ ಬಂತು. ಅಡುಗೆ ಬೇಗ ಮುಗಿಸಿ ಹಿಂದಿನ ಬಾಗಿಲು ಹಾಕಿದೆವು.

ಅಡಿಕೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಬೆಳೆಯುವವರಿಗೆ ಗೊತ್ತಿದೆ. ಅರ್ಧ ಒಣಗಿದ್ದನ್ನು ಗೋಣಿಗೆ ತುಂಬಲಿಲ್ಲ. ಜಗಲಿಯಲ್ಲೂ ಅಟ್ಟದಲ್ಲೂ ತೆಳ್ಳಗೆ ಹರಡಿದೆವು. ಆದರೆ ಎರಡು ವಿಷಯ ಹೇಳಲೇಬೇಕು. ಗಾಳಿ ಶುರುವಾದ ಮೇಲೆ ಟರ್ಪಾಲು ಹಾರಿತು ಎಂದು ಮಾಡು ಹತ್ತಬಾರದು. ಮತ್ತೆ, ಒದ್ದೆ ಅಡಿಕೆ ಒಣಗಲಿ ಎಂದು ಮುಚ್ಚಿದ ಕೋಣೆಯಲ್ಲಿ ಕೆಂಡ ಇಡಬಾರದು, ಜನರೇಟರನ್ನು ಒಳಗೆ ಅಥವಾ ಕಿಟಕಿಯ ಹತ್ತಿರ ಓಡಿಸಬಾರದು. ಕೆಂಡದಿಂದಲೂ ಎಂಜಿನ್‌ನಿಂದಲೂ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಮಲಗಿದವರು ಮಲಗಿದಲ್ಲೇ ಹೋಗುತ್ತಾರೆ. ಚಳಿ, ಮಳೆ ಎಂದು ಎಲ್ಲ ಕಿಟಕಿ ಮುಚ್ಚಿರುವ ರಾತ್ರಿಯಲ್ಲೇ ಇದು ಆಗುವುದು.

ಒಳಗಿನ ತಯಾರಿ ಸಣ್ಣದು. ಆಧಾರ್, ರೇಷನ್ ಕಾರ್ಡ್, ಭೂಮಿಯ ಪತ್ರ ಒಂದು ಪ್ಲಾಸ್ಟಿಕ್ ಚೀಲದಲ್ಲಿ. ಟಾರ್ಚ್ ಒಬ್ಬೊಬ್ಬರ ತಲೆದಿಂಬಿನ ಹತ್ತಿರ. ಫೋನ್, ಪವರ್ ಬ್ಯಾಂಕ್ ತುಂಬಿಸಿದ್ದು. ಕುಡಿಯುವ ನೀರು ಹಂಡೆಯಲ್ಲಿ. ಅವಲಕ್ಕಿ, ಬಾಳೆಹಣ್ಣು. ಮಾವನ ಇನ್ಸುಲಿನ್‌ಗೆ ಮಾತ್ರ ಸ್ವಲ್ಪ ಯೋಚನೆ ಬೇಕಾಯಿತು. ಬಳಸುತ್ತಿರುವ ಬಾಟಲಿ ಫ್ರಿಜ್ ಇಲ್ಲದೆಯೂ ತಂಪು ಜಾಗದಲ್ಲಿ ಕೆಲವು ವಾರ ಕೆಡುವುದಿಲ್ಲ. ತೆರೆಯದ ಬಾಟಲಿಗಳನ್ನು ಮುಚ್ಚಳ ಗಟ್ಟಿಯಿರುವ ಡಬ್ಬಿಗೆ ಹಾಕಿ, ಆ ಡಬ್ಬಿಯನ್ನು ನೀರಿರುವ ಮಣ್ಣಿನ ಮಡಕೆಯಲ್ಲಿ ಇಟ್ಟೆ. ಐಸ್‌ಗೆ ನೇರ ತಾಗಿಸಬಾರದು, ಹೆಪ್ಪುಗಟ್ಟಿದ ಇನ್ಸುಲಿನ್ ಉಪಯೋಗಕ್ಕಿಲ್ಲ.

ಸೋಮವಾರ ರಾತ್ರಿ ಮಳೆ ನಿಲ್ಲದೆ ಹೊಡೆಯಿತು. ಕರೆಂಟ್ ಬೇಗನೆ ಹೋಯಿತು. ಟಿವಿ, ಫ್ರಿಜ್, ಮೋಡೆಮ್ ಎಲ್ಲದರ ಪ್ಲಗ್ ಮೊದಲೇ ಕಿತ್ತಿದ್ದೆವು. ಮಧ್ಯರಾತ್ರಿ ಕಳೆದ ಮೇಲೆ ಹಿಂದಿನಿಂದ ಒಂದು ಭಾರದ ಸದ್ದು ಬಂತು. ಗಂಡ ಟಾರ್ಚ್ ಹಿಡಿದು ಎದ್ದರು. ಅತ್ತೆ ಅವರ ಕೈ ಹಿಡಿದು, "ಈಗ ನೋಡಿ ಎಂತ ಮಾಡ್ಲಿಕ್ಕುಂಟು? ಬೆಳಗಾಗಲಿ" ಎಂದು ಕೂರಿಸಿದರು. ಅದೇ ಸರಿ. ಜರಿದ ಬರೆ ಮತ್ತೊಮ್ಮೆ ಜರಿಯುತ್ತದೆ, ನೋಡಲು ಹೋದವರ ಮೇಲೇ ಬೀಳುತ್ತದೆ. ನಾವು ಚಾವಡಿಯಲ್ಲೇ ಕೂತು, ಚಪ್ಪಲಿ ಹಾಕಿಕೊಂಡು, ಹೊರಡಬೇಕಾದರೆ ಎದುರಿನ ಬಾಗಿಲಿನಿಂದ ರಸ್ತೆಬದಿಯ ಮನೆಗೆ ಎಂದು ಮಾತಾಡಿಕೊಂಡೆವು. ಬೆಳಗ್ಗೆ ನೋಡಿದರೆ ಬಚ್ಚಲಿನ ಗೋಡೆಗೆ ಕಿಟಕಿಯ ಎತ್ತರದವರೆಗೆ ಕೆಂಪು ಮಣ್ಣು ಒರಗಿತ್ತು. ಮಣ್ಣಿನ ಜೊತೆ ಬಂದ ಗೇರು ಗಿಡ ಒಂದು ನೆಟ್ಟಗೆ ನಿಂತೇ ಇತ್ತು. ದನದ ಹಳೆ ಹಟ್ಟಿಯ ಮಾಡು ಕುಸಿದಿತ್ತು.

ಮಳೆ ನಿಂತ ಮೇಲೆ ಎಲ್ಲರಿಗೂ ಒಮ್ಮೆಲೇ ತೋಟ ನೋಡುವ ಅವಸರ. ಹೆಚ್ಚಿನ ಅನಾಹುತ ಆಗುವುದು ಆಗಲೇ. ನಮ್ಮ ತೋಟದಲ್ಲಿ ಅಡಿಕೆ ಮರ ಬಿದ್ದು ತಂತಿ ಕಣಿಯ ನೀರಿಗೆ ತಾಗಿಕೊಂಡಿತ್ತು. ಕರೆಂಟ್ ಇಲ್ಲ ಎಂದು ತಂತಿ ಮುಟ್ಟಬಾರದು. ಯಾವ ಹೊತ್ತಿಗೂ ಬರಬಹುದು, ಯಾರದೋ ಮನೆಯ ಜನರೇಟರಿನಿಂದಲೂ ಹಿಂದೆ ಹರಿಯಬಹುದು. ಬಿದ್ದ ತಂತಿಯ ಸುತ್ತ ಒದ್ದೆ ನೆಲಕ್ಕೂ ಕರೆಂಟ್ ಹರಡಿರುತ್ತದೆ. ತೀರಾ ಹತ್ತಿರ ಬಂದುಬಿಟ್ಟರೆ ಓಡಬಾರದು. ಎರಡು ಪಾದ ಜೋಡಿಸಿ, ನೆಲ ಬಿಡದೆ, ಸಣ್ಣ ಸಣ್ಣಗೆ ಜಾರಿಸುತ್ತ ಹಿಂದೆ ಸರಿಯಬೇಕು. ನಾವು ದಾರಿಗೆ ಹಗ್ಗ ಅಡ್ಡ ಕಟ್ಟಿ, 1912ಕ್ಕೆ ಫೋನ್ ಮಾಡಿ, ಲೈನ್‌ಮನ್ ಬರುವ ತನಕ ಒಬ್ಬರನ್ನು ಅಲ್ಲೇ ಕಾವಲಿಗೆ ನಿಲ್ಲಿಸಿದೆವು. ಅಡಿಕೆ ಗೊನೆ ಕೊಯ್ಯುವ ಫೈಬರ್ ದೋಟಿಯನ್ನೂ ಅಲ್ಯೂಮಿನಿಯಂ ಏಣಿಯನ್ನೂ ಆ ದಿನ ಹೊರಗೇ ತೆಗೆಯಲಿಲ್ಲ. ಫೈಬರ್ ಅಂದರೆ ಶಾಕ್ ಹೊಡೆಯುವುದಿಲ್ಲ ಎಂದು ಹಲವರು ನಂಬಿದ್ದಾರೆ. ಕಾರ್ಬನ್ ಫೈಬರ್‌ನಲ್ಲಿ ಕರೆಂಟ್ ಚೆನ್ನಾಗಿಯೇ ಹರಿಯುತ್ತದೆ.

ತೋಡಿನ ಅಡಿಕೆ ಮರದ ಸಂಕಕ್ಕೂ (ಕಾಲುಸೇತುವೆಗೂ) ಹಗ್ಗ ಕಟ್ಟಿದೆವು. ಮೇಲೆ ಸರಿ ಕಂಡರೂ ಬುಡದ ಮಣ್ಣು ಹೋಗಿರುತ್ತದೆ. ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರು ಕಲಂಕಾಗಿ ಬಂದರೂ ಯಾರನ್ನೂ ಒಳಗೆ ಇಳಿಸಲಿಲ್ಲ. ನೆನೆದ ಗುಡ್ಡ ಒಣಗುವ ತನಕ ಸುರಂಗದ ಕೆಲಸ ಇಲ್ಲ.

ಬಾವಿಗೆ ಕಣಿಯ ನೀರು ಸೇರಿತ್ತು. ಬ್ಲೀಚಿಂಗ್ ಪುಡಿ ಸುಮ್ನೆ ಮುಷ್ಟಿ ಲೆಕ್ಕದಲ್ಲಿ ಹಾಕುವುದಲ್ಲ. ಸಾಮಾನ್ಯ ದಿನಗಳಲ್ಲಿ 1000 ಲೀಟರಿಗೆ 2.5 ಗ್ರಾಂ, ನೆರೆ ನೀರು ಸೇರಿದ್ದರೆ 5 ಗ್ರಾಂ. 3 ಮೀಟರ್ ಅಗಲದ ಬಾವಿಯಲ್ಲಿ 4 ಮೀಟರ್ ನೀರಿದ್ದರೆ ಸುಮಾರು 28,000 ಲೀಟರ್. ಅದಕ್ಕೆ 140 ಗ್ರಾಂ ಸಾಕು. ಪುಡಿಯನ್ನು ಪ್ಲಾಸ್ಟಿಕ್ ಬಕೆಟಿನಲ್ಲಿ ಸ್ವಲ್ಪ ನೀರು ಹಾಕಿ ದೋಸೆ ಹಿಟ್ಟಿನಷ್ಟು ಹದಕ್ಕೆ ಕಲಸಿದೆ. ಮುಕ್ಕಾಲು ಬಕೆಟ್ ನೀರು ಸೇರಿಸಿ ಕದಡಿ ಹತ್ತು ನಿಮಿಷ ಬಿಟ್ಟೆ. ಸುಣ್ಣ ಅಡಿಗೆ ಕೂತಿತು. ಮೇಲಿನ ತಿಳಿಯನ್ನು ಮಾತ್ರ ಇನ್ನೊಂದು ಬಕೆಟಿಗೆ ಬಗ್ಗಿಸಿ, ಹಗ್ಗದಲ್ಲಿ ಬಾವಿಗೆ ಇಳಿಸಿ, ನೀರೊಳಗೆ ಮುಳುಗಿಸಿ ಎತ್ತಿ ಅಲ್ಲಾಡಿಸಿದೆವು. ಒಂದು ಗಂಟೆ ಕಳೆದ ಮೇಲೆ ನೀರು ಬಳಸಿದೆವು. ಕುಡಿಯಲು ಮಾತ್ರ ಕುದಿಸಿದ್ದು.

ಕೆಸರಿನಲ್ಲಿ ಕೆಲಸ ಮಾಡುವವರು ಗಂಬೂಟು ಹಾಕಲೇಬೇಕು. ಇಲಿಜ್ವರ ಬರುವುದು ಇಲಿಯ ಮೂತ್ರ ಸೇರಿದ ನೀರು ಗಾಯಕ್ಕೆ ತಾಗಿ. ಆಶಾ ಕಾರ್ಯಕರ್ತೆ ಹೇಳಿದಂತೆ ಆರೋಗ್ಯ ಕೇಂದ್ರದಲ್ಲಿ ಕೇಳಿ ದೊಡ್ಡವರು ಡಾಕ್ಸಿಸೈಕ್ಲಿನ್ ತೆಗೆದುಕೊಂಡೆವು. ಗರ್ಭಿಣಿಯರೂ ಮಕ್ಕಳೂ ಡಾಕ್ಟರ್ ಹೇಳದೆ ಅದನ್ನು ನುಂಗಬಾರದು. ಆಮೇಲಿನ ವಾರಗಳಲ್ಲಿ ಜ್ವರ, ಮೀನಖಂಡದಲ್ಲಿ ನೋವು ಬಂದರೆ ಮನೆಮದ್ದಿಗೆ ಕಾಯದೆ ಡಾಕ್ಟರ್ ಹತ್ತಿರ ಹೋಗಿ, ಕೆಸರಲ್ಲಿ ಕೆಲಸ ಮಾಡಿದ್ದೇನೆ ಎಂದು ಹೇಳಬೇಕು.

ಪರಿಹಾರದ ಅರ್ಜಿಗೆ ಮನೆ, ಹಟ್ಟಿಯ ಹಾನಿಯದ್ದು ವಿಲ್ಲೇಜ್ ಆಫೀಸಿಗೆ, ತೋಟದ್ದು ಕೃಷಿ ಭವನಕ್ಕೆ. ತೀರ್ವೆ (ಭೂಕಂದಾಯ) ರಶೀದಿ ಜೊತೆಗಿರಲಿ. ಮಣ್ಣು ತೆಗೆಯುವ ಮೊದಲು, ಮರ ಕಡಿಯುವ ಮೊದಲು ನಾಲ್ಕೂ ಕಡೆಯಿಂದ ಫೋಟೋ ತೆಗೆದೆವು. ದಾರಿಗೆ ಅಡ್ಡ ಬಿದ್ದ ಮರಗಳನ್ನು ಮಾತ್ರ ಕಡಿದು, ಉಳಿದದ್ದನ್ನು ಅಧಿಕಾರಿಗಳು ಬಂದು ನೋಡುವ ತನಕ ಬಿದ್ದಲ್ಲೇ ಬಿಟ್ಟೆವು.