ಸೊಂಟದ ಕೀಲು ಬದಲಿ: ರೋಬೊ ಏನು ಮಾಡುತ್ತದೆ, ನೀವೇನು ಮಾಡಬೇಕು?

ಸಾಕ್ಸ್ ಹಾಕಿಕೊಳ್ಳಲು ಬಗ್ಗಿದರೆ ತೊಡೆಸಂದಿನಲ್ಲಿ ನೋವು. ರಾತ್ರಿ ಮಗ್ಗುಲು ಬದಲಿಸಿದರೆ ಎಚ್ಚರ. ಸೊಂಟದ ಕೀಲು ಸವೆದವರಿಗೆ ಇದು ದಿನದ ಪಾಡು. ಮಾತ್ರೆ, ವ್ಯಾಯಾಮ, ಕೋಲು, ತೂಕ ಇಳಿಸುವುದು ಯಾವುದೂ ಸಾಲದೇ ಹೋದಾಗ ವೈದ್ಯರು ಕೀಲು ಬದಲಿಸುವ ಮಾತು ಎತ್ತುತ್ತಾರೆ. ಈಗೀಗ ಅದರ ಜೊತೆ ‘ರೋಬೊ ನೆರವಿನಿಂದ’ ಅಂತಲೂ ಹೇಳುತ್ತಾರೆ. ಹೆದರಬೇಡಿ. ರೋಬೊ ತಾನಾಗಿ ಆಪರೇಷನ್ ಮಾಡುವುದಿಲ್ಲ. ಹಿಡಿ ಇರುವುದು ಸರ್ಜನ್ ಕೈಯಲ್ಲೇ.

ಮೊದಲು ಕೀಲನ್ನು ಅರ್ಥ ಮಾಡಿಕೊಳ್ಳಿ. ಸೊಂಟದ ಮೂಳೆಯಲ್ಲಿ ಒಂದು ಬಟ್ಟಲು, ತೊಡೆ ಮೂಳೆಯ ತುದಿಯಲ್ಲಿ ಒಂದು ಗುಂಡು. ಗುಂಡು ಬಟ್ಟಲಲ್ಲಿ ನುಣ್ಣಗೆ ತಿರುಗಬೇಕು. ನಡುವಿನ ಮೆತ್ತನೆಯ ಪದರ ಸವೆದರೆ ಮೂಳೆಗೆ ಮೂಳೆ ಉಜ್ಜುತ್ತದೆ. ಆಪರೇಷನ್‌ನಲ್ಲಿ ಹಳೆಯ ಗುಂಡು ತೆಗೆದು, ತೊಡೆ ಮೂಳೆಯೊಳಗೆ ಲೋಹದ ಕಡ್ಡಿ ಇಳಿಸಿ ಅದಕ್ಕೆ ಹೊಸ ಗುಂಡು ಕೂರಿಸುತ್ತಾರೆ. ಬಟ್ಟಲನ್ನೂ ಹೆರೆದು ಹೊಸದನ್ನು ಹಾಕುತ್ತಾರೆ. ಇಂಗ್ಲೆಂಡಿನ ಸರ್ಜನ್ ಜಾನ್ ಚಾರ್ನ್‌ಲಿ 1960ರ ದಶಕದಲ್ಲಿ ಇದಕ್ಕೆ ಈಗಿನ ರೂಪ ಕೊಟ್ಟರು. ಸೊಂಟದ ಕೀಲಿಗೆ ರೋಬೊ ಬಂದದ್ದು 1992ರಲ್ಲಿ, ಅಮೆರಿಕದಲ್ಲಿ.

ಸ್ಕ್ಯಾನ್ ಮತ್ತು ನಕ್ಷೆ. ನನ್ನ ಪ್ರಕಾರ ರೋಬೊದ ದೊಡ್ಡ ಲಾಭ ಇರುವುದು ಇಲ್ಲೇ. ಅನೇಕ ವ್ಯವಸ್ಥೆಗಳಲ್ಲಿ ಆಪರೇಷನ್‌ಗೆ ಮೊದಲು ಸಿ.ಟಿ. ಸ್ಕ್ಯಾನ್ ಆಗುತ್ತದೆ. ಅದರಿಂದ ಕಂಪ್ಯೂಟರ್ ನಿಮ್ಮದೇ ಮೂಳೆಯ ಮೂರು ಆಯಾಮದ ಚಿತ್ರ ಕಟ್ಟುತ್ತದೆ. ಯಾವ ಅಳತೆಯ ಬಟ್ಟಲು, ಎಷ್ಟು ಆಳ, ಯಾವ ಕೋನ, ಕಾಲಿನ ಉದ್ದ ಎಷ್ಟು ಸರಿಪಡಿಸಬೇಕು, ಎಲ್ಲವನ್ನೂ ಸರ್ಜನ್ ಮೊದಲೇ ಪರದೆಯ ಮೇಲೆ ತೀರ್ಮಾನಿಸಬಹುದು.

ಕೋನಕ್ಕೆ ಯಾಕೆ ಇಷ್ಟು ಮಹತ್ವ? ಬಟ್ಟಲು ಜಾಸ್ತಿ ವಾಲಿದರೆ ಗುಂಡು ಜಾರಿ ಹೊರಬರಬಹುದು, ಬೇಗ ಸವೆಯಬಹುದು. ಸುಮಾರು 40 ಡಿಗ್ರಿ ಓರೆ, 15 ಡಿಗ್ರಿ ಮುಂದಕ್ಕೆ ತಿರುವು, ಎರಡರಲ್ಲೂ 10 ಡಿಗ್ರಿ ಹೆಚ್ಚು ಕಡಿಮೆ. ಬಟ್ಟಲು ಹೀಗೆ ಕೂತರೆ ಸುರಕ್ಷಿತ ಎನ್ನುವ ಈ ಲೆಕ್ಕ 1978ರಿಂದ ಬಳಕೆಯಲ್ಲಿದೆ. ಆದರೆ ಎಲ್ಲರ ಸೊಂಟವೂ ಒಂದೇ ಥರ ಇರುವುದಿಲ್ಲ ಅಲ್ವಾ? ಕೂತಾಗ, ನಿಂತಾಗ ಅದು ಬೇರೆ ಬೇರೆ ರೀತಿ ವಾಲುತ್ತದೆ. ಬೆನ್ನುಮೂಳೆ ಬಿಗಿದವರಲ್ಲಿ ಅಷ್ಟಾಗಿ ವಾಲುವುದೇ ಇಲ್ಲ. ಆದ್ದರಿಂದ ಬೆನ್ನಿನ ಆಪರೇಷನ್ ಆಗಿದ್ದರೆ ಮರೆಯದೆ ಹೇಳಿ. ಕೂತು, ನಿಂತು ಎಕ್ಸ್‌-ರೇ ತೆಗೆಯಬೇಕೇ ಎಂದೂ ಕೇಳಿ.

ಆಪರೇಷನ್ ಕೋಣೆಯಲ್ಲಿ. ಸೊಂಟದ ಮೂಳೆಗೆ ಸಣ್ಣ ಪಿನ್ನುಗಳನ್ನು ಹಾಕಿ ಗುರುತಿನ ಸಾಧನ ಕೂರಿಸುತ್ತಾರೆ. ಕ್ಯಾಮೆರಾ ಅದನ್ನು ನೋಡುತ್ತಲೇ ಇರುತ್ತದೆ. ಸರ್ಜನ್ ಮೂಳೆಯ ಹಲವು ಬಿಂದುಗಳನ್ನು ಮುಟ್ಟಿ ತೋರಿಸುತ್ತಾರೆ. ಆಗ ಪರದೆಯ ಚಿತ್ರವೂ ನಿಜವಾದ ಮೂಳೆಯೂ ಒಂದಕ್ಕೊಂದು ಹೊಂದುತ್ತವೆ. ಆಮೇಲೆ ಬಟ್ಟಲು ಹೆರೆಯುವ ಕೆಲಸ. ರೋಬೊ ತೋಳು ನಕ್ಷೆಯ ಗಡಿಯೊಳಗೆ ಸರಾಗವಾಗಿ ಚಲಿಸುತ್ತದೆ. ಗಡಿ ಮುಟ್ಟಿದರೆ ತಡೆ ಒಡ್ಡುತ್ತದೆ ಅಥವಾ ನಿಲ್ಲುತ್ತದೆ. ಹೀಗಾಗಿ ಒಳ್ಳೆಯ ಮೂಳೆ ಸುಮ್ನೆ ಹೋಗುವುದಿಲ್ಲ. ಬಟ್ಟಲು ಕೂರಿಸುವಾಗಲೂ ಕೋನವನ್ನು ಅದೇ ಹಿಡಿದಿಡುತ್ತದೆ.

ಲಾಭ ಎಷ್ಟು? ಬಟ್ಟಲು ನಕ್ಷೆಯಲ್ಲಿ ಇದ್ದಂತೆಯೇ ಕೂರುತ್ತದೆ ಎಂಬುದು ಹಲವು ಅಧ್ಯಯನಗಳಲ್ಲಿ ಕಂಡುಬಂದಿದೆ. ಎರಡೂ ಕಾಲಿನ ಉದ್ದ ಹೊಂದಿಸಲೂ ನೆರವಾಗುತ್ತದೆ. ಆದರೆ ನೋವು ಇನ್ನೂ ಕಡಿಮೆಯಾಗುತ್ತದೆ, ಕೀಲು ಇನ್ನೂ ಹೆಚ್ಚು ವರ್ಷ ಬಾಳುತ್ತದೆ ಎಂದು ಖಚಿತವಾಗಿ ಸಾಬೀತಾಗಿಲ್ಲ. ಕೈಯಿಂದಲೇ ಮಾಡುವ ಆಪರೇಷನ್ನೂ ಚೆನ್ನಾಗಿಯೇ ಫಲ ಕೊಡುತ್ತದೆ. ರೋಬೊ ಇದ್ದರೆ ಸಮಯ ಸ್ವಲ್ಪ ಜಾಸ್ತಿ, ಸ್ಕ್ಯಾನ್‌ನ ವಿಕಿರಣ, ಪಿನ್ ಹಾಕಿದ ಜಾಗದಲ್ಲಿ ನೋವು, ಇವೂ ಜೊತೆಗೆ ಬರುತ್ತವೆ. ಸೋಂಕು, ರಕ್ತ ಹೆಪ್ಪುಗಟ್ಟುವ ಅಪಾಯ ಎರಡು ವಿಧಾನದಲ್ಲೂ ಇದೆ. ಆದ್ದರಿಂದ ಯಂತ್ರದ ಹೆಸರು ಕೇಳುವುದಕ್ಕಿಂತ ಮೊದಲು ಸರ್ಜನ್‌ರನ್ನು ಕೇಳಿ: ‘ಇಂಥ ಆಪರೇಷನ್ ವರ್ಷಕ್ಕೆ ಎಷ್ಟು ಮಾಡುತ್ತೀರಿ? ಮಧ್ಯದಲ್ಲಿ ಯಂತ್ರ ಕೈಕೊಟ್ಟರೆ ಕೈಯಿಂದ ಮುಗಿಸುತ್ತೀರಾ?’ ಕೇಳಲು ಸಂಕೋಚ ಬೇಡ. ದೇಹ ನಿಮ್ಮದು.

ನಿಮ್ಮ ತಯಾರಿ. ಸಿಗರೇಟು ಬಿಡಿ. ಸಕ್ಕರೆ ಕಾಯಿಲೆ ಇದ್ದರೆ ಹತೋಟಿಗೆ ತನ್ನಿ. ಹಲ್ಲು, ಚರ್ಮದಲ್ಲಿ ಸೋಂಕಿದ್ದರೆ ಮೊದಲೇ ವಾಸಿ ಮಾಡಿಸಿಕೊಳ್ಳಿ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುತ್ತಿದ್ದರೆ ತಿಳಿಸಿ, ನೀವಾಗಿಯೇ ನಿಲ್ಲಿಸಬೇಡಿ. ಮನೆಯಲ್ಲಿ ಕಾಲಿಗೆ ಸಿಕ್ಕುವ ಚಾಪೆ, ವೈರು ತೆಗೆಯಿರಿ. ಎತ್ತರದ, ಕೈ ಇರುವ ಕುರ್ಚಿ ಒಂದು ಇರಲಿ.

ಆಪರೇಷನ್ ಆದ ಮೇಲೆ. ಬಹುತೇಕರನ್ನು ಅದೇ ದಿನ ಅಥವಾ ಮರುದಿನ ವಾಕರ್ ಹಿಡಿಸಿ ನಡೆಸುತ್ತಾರೆ. ಮಲಗಿದ್ದಾಗಲೂ ಪಾದವನ್ನು ಮೇಲೆ ಕೆಳಗೆ ಆಡಿಸುತ್ತಿರಿ, ರಕ್ತ ಹರಿಯಲು ಒಳ್ಳೆಯದು. ಹಿಂದಿನಿಂದ ಕೊಯ್ದು ಮಾಡಿದ್ದರೆ ಕೆಲವು ವಾರ ಕಾಲ ಮೇಲೆ ಕಾಲು ಹಾಕಬೇಡಿ, ಪಾದ ಒಳಕ್ಕೆ ತಿರುಗಿಸಬೇಡಿ, ಸೊಂಟವನ್ನು 90 ಡಿಗ್ರಿಗಿಂತ ಜಾಸ್ತಿ ಬಗ್ಗಿಸಬೇಡಿ ಎನ್ನುತ್ತಾರೆ. ಮುಂದಿನಿಂದ ಮಾಡಿದ್ದರೆ ಕಟ್ಟುಪಾಡು ಬೇರೆ, ಕೇಳಿಕೊಳ್ಳಿ. ಕೋಲು ಹಿಡಿಯುವುದು ಆಪರೇಷನ್ ಆದ ಕಡೆಯ ಕೈಯಲ್ಲಲ್ಲ, ಇನ್ನೊಂದು ಕೈಯಲ್ಲಿ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು.

ಗಾಯದಿಂದ ಕೀವು ಅಥವಾ ನೀರು ಬಂದರೆ, ಜ್ವರ ಬಂದರೆ, ಮೀನಖಂಡ ಊದಿ ನೋಯುತ್ತಿದ್ದರೆ ತಡ ಮಾಡದೆ ಆಸ್ಪತ್ರೆಗೆ ಫೋನ್ ಮಾಡಿ. ಇದ್ದಕ್ಕಿದ್ದಂತೆ ಉಸಿರು ಕಟ್ಟಿದಂತಾದರೆ, ಎದೆ ನೋವು ಬಂದರೆ ಫೋನಿಗೂ ಕಾಯಬೇಡಿ, ನೇರ ತುರ್ತು ಚಿಕಿತ್ಸೆಗೆ ಹೋಗಿ.