ಕಲರ್ ಸಾರ್ಟರ್ ಕೊಳ್ಳುವ ಮುನ್ನ ರಿಜೆಕ್ಟ್ ಚೀಲ ತೂಗಿ

ಕಲರ್ ಸಾರ್ಟರ್ ಅಂದರೆ ಬಣ್ಣಗೆಟ್ಟ ಕಾಳನ್ನು ಕ್ಯಾಮೆರಾದಿಂದ ಗುರುತಿಸಿ ಅಕ್ಕಿಯಿಂದ ಬೇರ್ಪಡಿಸುವ ಮಷಿನ್. ಮೂರು ಕಂಪನಿಗಳ ಕೊಟೇಶನ್ ಪಕ್ಕಪಕ್ಕ ಇಟ್ಟರೆ ಕಣ್ಣಿಗೆ ಬೀಳುವುದು ಚೂಟ್ (ಅಕ್ಕಿ ಜಾರಿ ಇಳಿಯುವ ದಾರಿ) ಎಷ್ಟು, ಕ್ಯಾಮೆರಾ ಎಂಥದು, ರೇಟು ಎಷ್ಟು ಅನ್ನುವುದಷ್ಟೇ. ರೈಸ್‌ಮಿಲ್ಲಿನ ದುಡ್ಡು ಸೋರುವ ಜಾಗ ಆ ಕಾಗದದಲ್ಲಿ ಇರುವುದಿಲ್ಲ. ಕೆಟ್ಟ ಕಾಳಿನ ಜೊತೆ ಎಷ್ಟು ಒಳ್ಳೆ ಅಕ್ಕಿ ರಿಜೆಕ್ಟ್ ಚೀಲಕ್ಕೆ ಬೀಳುತ್ತಿದೆ, ಮೊದಲು ಅದನ್ನು ನೋಡಿ.

ಲೆಕ್ಕ ಹಾಕೋಣ. ಗಂಟೆಗೆ 4 ಟನ್ ಓಡುವ ಲೈನು, ಅದರಲ್ಲಿ ಬಣ್ಣಗೆಟ್ಟ ಕಾಳು ಶೇ 2 ಅಂದರೆ ಗಂಟೆಗೆ 80 ಕೆಜಿ. ಕೊನೆಯ ರಿಜೆಕ್ಟ್‌ನಲ್ಲಿ (ಮಷಿನ್ ಕೊನೆಗೆ ಹೊರಹಾಕುವ ಮಾಲಿನಲ್ಲಿ) 8 ಕೆಟ್ಟದ್ದಕ್ಕೆ 1 ಒಳ್ಳೆಯದು ಹೋಗುವ ಮಷಿನ್ 10 ಕೆಜಿ ಒಳ್ಳೆ ಅಕ್ಕಿ ಕಳೆಯುತ್ತದೆ; 3ಕ್ಕೆ 1 ಹೋಗುವುದು ಸುಮಾರು 27 ಕೆಜಿ. ದಿನಕ್ಕೆ 16 ಗಂಟೆ ಓಡಿದರೆ ವ್ಯತ್ಯಾಸ 265 ಕೆಜಿ ದಾಟುತ್ತದೆ. ಒಳ್ಳೆ ಅಕ್ಕಿಗೂ ರಿಜೆಕ್ಟ್‌ಗೂ ಕೆಜಿಗೆ 20 ರೂಪಾಯಿ ಅಂತರ ಹಿಡಿದರೂ ದಿನಕ್ಕೆ 5,300 ರೂಪಾಯಿ, 200 ದಿನಕ್ಕೆ ಹತ್ತು ಲಕ್ಷದ ಮೇಲೆ. ಕಡಿಮೆ ರೇಟಿನ ಮಷಿನ್ ಎಷ್ಟು ಉಳಿಸಿತು ಅನ್ನುವುದನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ಡೆಮೊಗೆ ಕಂಪನಿಯವರ ಅಕ್ಕಿ ಬೇಡವೇ ಬೇಡ. ಅದಕ್ಕೆ ಮೊದಲೇ ಸೆಟ್ಟಿಂಗ್ ಕೂರಿಸಿಟ್ಟಿರುತ್ತಾರೆ. ನಿಮ್ಮದೇ ಸೋನಾ ಮಸೂರಿ, ಒಂದೇ ಲಾಟ್, ಚೆನ್ನಾಗಿ ಬೆರೆಸಿ ಪ್ರತಿ ಕಂಪನಿಗೆ 5 ಕ್ವಿಂಟಲ್ ಒಯ್ಯಿರಿ. ಸ್ಟೀಮ್ ಅಕ್ಕಿ (ಭತ್ತವನ್ನು ಹಬೆಯಲ್ಲಿಟ್ಟು ಮಾಡಿದ್ದು) ಮಾಡುವವರು ಸ್ಟೀಮೇ ಒಯ್ಯಬೇಕು: ಅದರ ಮೈಬಣ್ಣವೇ ತುಸು ಹಳದಿ ಇರುವುದರಿಂದ ತಿಳಿಹಳದಿ ಕಾಳನ್ನು ಬೇರ್ಪಡಿಸುವುದು ಕ್ಯಾಮೆರಾಕ್ಕೆ ಕಷ್ಟ, ಮಷಿನ್‌ಗಳ ನಡುವಿನ ಅಂತರ ಗೊತ್ತಾಗುವುದೂ ಅಲ್ಲೇ. ಮಷಿನ್ ಅರ್ಧ ಗಂಟೆ ಓಡಿ ಬಿಸಿಯಾದ ಮೇಲೆ ನಿಮ್ಮ ಮಾಲು ಬಿಡಿಸಿ, ಕೈಯಲ್ಲಿ ಗಡಿಯಾರ ಇರಲಿ. ಗಂಟೆಗೆ 4 ಟನ್ ಅಂದರೆ 5 ಕ್ವಿಂಟಲ್ 7 ನಿಮಿಷ 30 ಸೆಕೆಂಡಿಗೆ ಮುಗಿಯಬೇಕು. ಅಕ್ಕಿ ಬಿಡುವ ಫೀಡರ್ ನಿಧಾನ ಮಾಡಿದರೆ ಯಾವ ಮಷಿನ್ ಆದರೂ ಚೆನ್ನಾಗಿಯೇ ಕಾಣುತ್ತದೆ. ಓಟದ ನಡುವೆ ಒಳ್ಳೆ ಕಡೆಯಿಂದ 500 ಗ್ರಾಂ, ಕೊನೆಯ ರಿಜೆಕ್ಟ್‌ನಿಂದ 250 ಗ್ರಾಂ ಹಿಡಿದು, ಕೈಯಲ್ಲಿ ಆರಿಸಿ ತೂಗಿ. ಎರಡನ್ನೂ ನೋಡಲೇಬೇಕು, ಒಂದನ್ನು ಕೆಡಿಸಿ ಇನ್ನೊಂದನ್ನು ಚಂದ ಮಾಡುವುದು ಬಹಳ ಸುಲಭ.

ಮುಂದಿನದು ಗಾಳಿ. ಕೆಟ್ಟ ಕಾಳನ್ನು ಗಾಳಿಯಿಂದ ಹೊಡೆದು ತಳ್ಳುವುದು ಎಜೆಕ್ಟರ್; ಕಂಪ್ರೆಸರ್ ಗಾಳಿಯಲ್ಲಿ ನೀರು, ಎಣ್ಣೆ ಇದ್ದರೆ ಮೊದಲು ಹಾಳಾಗುವುದೂ ಅದೇ. ರಾಯಚೂರು ಬೇಸಿಗೆಯಲ್ಲಿ 40 ಡಿಗ್ರಿ ದಾಟಿದಾಗ ಗಾಳಿಯ ನೀರು ತೆಗೆಯುವ ಏರ್ ಡ್ರೈಯರ್‌ನ ಶಕ್ತಿ ಕುಗ್ಗುತ್ತದೆ. ಆದ್ದರಿಂದ 45 ಡಿಗ್ರಿಯಲ್ಲಿ ಅದರ ಸಾಮರ್ಥ್ಯ ಎಷ್ಟು ಅಂತ ಬರೆಸಿಕೊಳ್ಳಿ. ಕಂಪ್ರೆಸರ್, ಡ್ರೈಯರ್, ಫಿಲ್ಟರ್, ಯುಪಿಎಸ್, ಎಸಿ ಕೋಣೆ, ಅರ್ಥಿಂಗ್ ಎಲ್ಲ ಸೇರಿಸಿಯೇ ರೇಟು ಹೋಲಿಸಿ. ಒಬ್ಬರದು 11 ಕಿಲೋವ್ಯಾಟ್, ಇನ್ನೊಬ್ಬರದು 15 ಕಿಲೋವ್ಯಾಟ್ ಕಂಪ್ರೆಸರ್ ಕೇಳಿದರೆ, ಪೂರ್ತಿ ಲೋಡಿನಲ್ಲಿ 16 ಗಂಟೆಗೆ 64 ಯೂನಿಟ್ ಹೆಚ್ಚು ಖರ್ಚು.

ಸರ್ವಿಸ್ ಬಗ್ಗೆ ಸೇಲ್ಸ್‌ನವರನ್ನು ಕೇಳುವುದಕ್ಕಿಂತ ಸಿರುಗುಪ್ಪ, ಮಾನ್ವಿ ಕಡೆ ಮೂರು ವರ್ಷ ಅದೇ ಮಾಡೆಲ್ ಓಡಿಸಿದ ಮಿಲ್ಲಿನ ಆಪರೇಟರ್‌ನನ್ನು ಕೇಳಿ. ಮುಂಗಾರು ಭತ್ತ ಬರುವ ನವೆಂಬರ್, ಡಿಸೆಂಬರ್‌ನಲ್ಲಿ ಮಷಿನ್ ನಿಂತಾಗ ಎಂಜಿನಿಯರ್ ಎಷ್ಟು ಗಂಟೆಗೆ ಬಂದ, ಬಿಡಿಭಾಗ ಗಂಗಾವತಿಯಲ್ಲೇ ಸಿಕ್ಕಿತೋ ಬೆಂಗಳೂರಿಂದ ಬರಬೇಕಾಯಿತೋ ಅನ್ನುವುದು ಅವನಿಗೇ ಗೊತ್ತು. ವಾರಂಟಿಯಲ್ಲಿ ‘ಗಾಳಿ ಶುದ್ಧವಿಲ್ಲದಿದ್ದರೆ ಎಜೆಕ್ಟರ್ ಸೇರದು’ ಎಂಬ ಸಾಲು ಇದ್ದರೆ, ಡ್ರೈಯರ್, ಫಿಲ್ಟರನ್ನೂ ಅವರಿಂದಲೇ ಹಾಕಿಸಿ. ಎಜೆಕ್ಟರ್, ಲೈಟ್, ಬೋರ್ಡ್‌ಗಳ ಬೆಲೆ ಮೂರು ವರ್ಷಕ್ಕೆ ನಿಗದಿ ಮಾಡಿಸಿ, ಸೆಟ್ಟಿಂಗ್ ಪಾಸ್‌ವರ್ಡ್ ನಿಮ್ಮ ಆಪರೇಟರ್ ಕೈಗೆ ಕೊಡಿಸಿ.

ಡೆಮೊದಲ್ಲಿ ಸಿಕ್ಕ ಅಂಕಿಗಳನ್ನೇ ಪರ್ಚೇಸ್ ಆರ್ಡರ್‌ನಲ್ಲಿ ಬರೆಯಿರಿ. ಶೇ 10 ಹಣ ತಡೆಹಿಡಿದು, ನಿಮ್ಮ ಮಿಲ್ಲಿನಲ್ಲಿ 30 ದಿನ ಓಡಿದ ಮೇಲೆ ಅದೇ ಪರೀಕ್ಷೆ ಮತ್ತೆ ಮಾಡಿ, ಅಂಕಿ ಸರಿಬಂದರೆ ಕೊಡಿ.