ಗಜನಿ ಗದ್ದೆ ಮತ್ತು ಕಾಂಡ್ಲಾ ಗಿಡ: ನನ್ನ ಅನುಭವ

ಉತ್ತರ ಕನ್ನಡದ ಅಘನಾಶಿನಿ ಅಳಿವೆಯ ದಂಡೆಯಲ್ಲಿ ನಮ್ಮ ಮನೆತನಕ್ಕೆ ಮೂರು ಎಕರೆ ಗಜನಿ, ಅಂದರೆ ಉಪ್ಪುನೀರಿನ ಅಂಚಿನ ತಗ್ಗು ಗದ್ದೆ, ಇದೆ. ಮಳೆ ಹಿಡಿದು ಮಣ್ಣಿನ ಉಪ್ಪು ತೊಳೆದುಹೋದ ಮೇಲೆ ಉಪ್ಪು ತಾಳುವ ಕಗ್ಗ ಭತ್ತದ ಬೀಜವನ್ನು ಮೊಳಕೆ ಬರಿಸಿ ಬಿತ್ತುತ್ತೇವೆ. ಕೊಯ್ಲಾದ ನಂತರ ಜಂತ್ರದ (ಕಟ್ಟೆಯಲ್ಲಿ ನೀರು ಬಿಡುವ ತೂಬಿನ) ಹಲಗೆ ಎತ್ತಿ, ಉಬ್ಬರದ ನೀರು ಒಳಗೆ ಬಿಟ್ಟು, ಸಿಗಡಿ ಮೀನು ಹಿಡಿಯುತ್ತೇವೆ.

ಒಂದು ಮಳೆಗಾಲದಲ್ಲಿ ಕಟ್ಟೆ ಒಡೆಯಿತು. ರಿಪೇರಿಗೆ ದುಡ್ಡಿಲ್ಲದೆ ಐದು ವರ್ಷ ಗದ್ದೆಯನ್ನು ಹಾಗೇ ಬಿಟ್ಟದ್ದು ನನ್ನ ತಪ್ಪು. ಉಬ್ಬರದೊಂದಿಗೆ ತೇಲಿಬಂದ ಕಾಂಡ್ಲಾ (ಮ್ಯಾಂಗ್ರೋವ್) ಬೀಜಗಳು ಹೊಳೆಯ ಕಡೆಯ ಅರ್ಧ ಎಕರೆಯಲ್ಲಿ ಬೇರೂರಿ ಆಳೆತ್ತರ ಬೆಳೆದಿದ್ದವು. ಕಡಿಯಲು ಆಳು ಗೊತ್ತುಮಾಡಿದ ಹೊತ್ತಿಗೆ ಕಚೇರಿಯೊಂದರಿಂದ ಬಂದವರು ತಡೆದರು. ಪಹಣಿ ತೋರಿಸಿದೆ, ಪ್ರಯೋಜನವಾಗಲಿಲ್ಲ. ಕರಾವಳಿ ನಿಯಂತ್ರಣ ವಲಯದ 2019ರ ಅಧಿಸೂಚನೆಯಲ್ಲಿ ಕಾಂಡ್ಲಾವನ ಅತ್ಯಂತ ಬಿಗಿಯಾದ ವರ್ಗಕ್ಕೆ ಸೇರುತ್ತದೆ. ಅದು 1,000 ಚದರ ಮೀಟರ್ ದಾಟಿದರೆ ಸುತ್ತ 50 ಮೀಟರ್ ರಕ್ಷಣಾ ಪಟ್ಟಿಯ ಮಾತೂ ಬರುತ್ತದೆ. ನನ್ನದು ಅರ್ಧ ಎಕರೆ, ಅಂದರೆ ಸುಮಾರು 2,000 ಚದರ ಮೀಟರ್; ಆದರೆ ಖಾಸಗಿ ಜಮೀನಿನ ಕಾಂಡ್ಲಾಕ್ಕೆ ಆ ಪಟ್ಟಿ ಬೇಕಿಲ್ಲ. ವಲಯದ ನಕ್ಷೆ ನೋಡಲು ಹೋದರೆ ಅದು 1:25,000 ಅಳತೆಯದು, ಅದರಲ್ಲಿ ನನ್ನ ಇಡೀ ಗಜನಿ ಒಂದು ಹೆಸರುಕಾಳಿನಷ್ಟಿತ್ತು! ಸರ್ವೆ ನಂಬರು ಕಾಣುವ ಹಳ್ಳಿ ನಕ್ಷೆ ಕೇಳಿ ಪಡೆದ ಮೇಲೆಯೇ ಗೆರೆ ಎಲ್ಲಿ ಹಾದಿದೆ ಎಂಬುದು ತಿಳಿಯಿತು.

ಕೊನೆಗೆ ಆ ಅರ್ಧ ಎಕರೆಯನ್ನು ಕಾಂಡ್ಲಾಕ್ಕೇ ಬಿಟ್ಟು, ಅದರ ಒಳಮಗ್ಗುಲಿಗೆ ಹೊಸ ಕಟ್ಟೆ ಹಾಕುವುದೆಂದು ನಿರ್ಧರಿಸಿದೆ. ಉಪ್ಪುನೀರು ನುಗ್ಗದಂತೆ ತಡೆಯುವ ಕಟ್ಟಡಗಳಿಗೆ ಅಧಿಸೂಚನೆಯಲ್ಲಿ ಅವಕಾಶವಿದ್ದರೂ ಕಾಂಕ್ರೀಟಿಗೆ ಕೈಹಾಕಿದರೆ ಅನುಮತಿಗಾಗಿ ಅಲೆಯಬೇಕಾಗುತ್ತದೆಂದು, ಅಜ್ಜನ ಕಾಲದ ಹಾಗೆ ಜೇಡಿಮಣ್ಣಿನಿಂದಲೇ ಕಟ್ಟಿಸಿದೆ. ಜಂತ್ರವನ್ನೂ ಮರದಲ್ಲೇ ಮಾಡಿಸಿದೆ. ಕಳೆದುಕೊಂಡೆನೆಂದು ಕೊರಗಿದ್ದ ಆ ಗಿಡಗಳೇ ಈಗ ಅಲೆಯ ಹೊಡೆತ ತಡೆದು ಕಟ್ಟೆಯನ್ನು ಉಳಿಸುತ್ತಿವೆ ಎಂಬುದನ್ನು ಒಪ್ಪಬೇಕು. ಆದರೆ ಅಲ್ಲಿ ಬೆಳೆಯುತ್ತಿದ್ದ ಭತ್ತಕ್ಕೆ ಯಾರೂ ಪರಿಹಾರ ಕೊಡಲಿಲ್ಲ, ಅದನ್ನೂ ಹೇಳಬೇಕು.

2024ರಲ್ಲಿ ಅಳಿವೆಯ 4,801 ಹೆಕ್ಟೇರ್ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದಾಗ ಊರಲ್ಲಿ ಮತ್ತೆ ಗಾಬರಿಯಾಯಿತು. 2017ರ ಜೌಗುಪ್ರದೇಶ ನಿಯಮಗಳನ್ನು ಕುಳಿತು ಓದಿದೆ. ಅವುಗಳ ವ್ಯಾಖ್ಯೆಯಿಂದ ಭತ್ತದ ಗದ್ದೆಯನ್ನು ಹೊರಗಿಟ್ಟಿದ್ದಾರೆ. ಕರಾವಳಿ ವಲಯದ ಅಧಿಸೂಚನೆಗೆ ಒಳಪಟ್ಟ ಜಾಗಕ್ಕೆ ಆ ನಿಯಮಗಳು ಅನ್ವಯಿಸುವುದಿಲ್ಲ ಎಂದೂ ಬರೆದಿದ್ದಾರೆ. ಹಾಗಾಗಿ ನಮಗೆ ತಟ್ಟುವುದು ಹಳೆಯ ಕಟ್ಟುಪಾಡೇ ಎಂದು ನೆರೆಯವರಿಗೆ ವಿವರಿಸಿದೆ. ಉಳುಮೆ ನಿಂತ ಗದ್ದೆ ಎಷ್ಟು ಕಾಲ ಗದ್ದೆಯಾಗಿ ಉಳಿಯುತ್ತದೆ ಎಂಬ ಪ್ರಶ್ನೆಗೆ ಮಾತ್ರ ಆ ಪುಟಗಳಲ್ಲಿ ನನಗೆ ಉತ್ತರ ಸಿಗಲಿಲ್ಲ.

ಅದಕ್ಕೇ ಒಂದು ವರ್ಷವೂ ಬಿತ್ತನೆ ತಪ್ಪಿಸುತ್ತಿಲ್ಲ. ಪ್ರತಿ ಬೇಸಿಗೆಯಲ್ಲಿ ನೀರು ಇಳಿಸಿದ ಕೂಡಲೇ ಗದ್ದೆಗಿಳಿದು, ಆ ವರ್ಷ ಒಳಗೆ ತೇಲಿಬಂದ ಬೀಜಗಳನ್ನು ಬೇರು ಬಿಡುವ ಮೊದಲೇ ಆಯ್ದು, ಕಟ್ಟೆಯಾಚೆಯ ಆ ಅರ್ಧ ಎಕರೆಗೆ ಎಸೆದು ಬರುತ್ತೇನೆ.